ಮೆಲ್ಲಗೆ ಕೇಳಿದರೆ ಸಿಗದ ಮನೆ

ಗೋಧಿಗೆ ಹರಳೆಣ್ಣೆ ಸವರಲು ಕೂತರೆ ಎರಡು ಕೈಯೂ ಹೋದವೆಂದೇ ಲೆಕ್ಕ. ಸೆರಗು ಜಾರಿದರೆ ಮೊಣಕೈಯಿಂದ ಎಳೆದುಕೊಳ್ಳಬೇಕು, ಮೂಗು ತುರಿಸಿದರೆ ಭುಜಕ್ಕೆ ಒರೆಸಬೇಕು, ಯಾರು ಕರೆದರೂ ಕೂತಲ್ಲಿಂದಲೇ ಓ ಅನ್ನಬೇಕು. ಬೇಸಿಗೆ ಕಾಲಿಟ್ಟಿತೆಂದರೆ ಬರೋಡಾದ ಅಂಚಿನ ಗೋರ್ವಾದ ನಮ್ಮ ಓಣಿಯ ಮನೆಮನೆಯಲ್ಲೂ ಇದೇ ಕೆಲಸ. ವರ್ಷಕ್ಕಾಗುವಷ್ಟು ಗೋಧಿಯನ್ನು ಒಮ್ಮೆಗೇ ತಂದು, ಕಲ್ಲು ಆರಿಸಿ, ಹಿಡಿಹಿಡಿಯಾಗಿ ಎಣ್ಣೆ ತಿಕ್ಕಿ, ನಡುನಡುವೆ ಬೇವಿನೆಲೆ ಹಾಕಿ ತಗಡಿನ ಕೋಠಿಗೆ ತುಂಬುತ್ತಾರೆ. ಎಣ್ಣೆ ಹಿಡಿದ ಕಾಳಿಗೆ ಹುಳ ಬರುವುದಿಲ್ಲ. ನಾನು ಗದಗಿನವಳು, ಜೋಳ ಕಂಡವಳು. ಇದನ್ನು ಕಲಿಸಿದ್ದು ಪಕ್ಕದ ಮನೆಯ ಜಡಾವಬೆನ್. ನಾನು ಕಾಳು ತಿಕ್ಕುವುದನ್ನು ನೋಡಿದಾಗಲೆಲ್ಲ, ಇದೇನು ಇಂದುಬೆನ್, ಗೋಧಿಯೋ ಎಳೆಕೂಸೋ ಎಂದು ನಗುತ್ತಿದ್ದರು.

ಆ ಶನಿವಾರ ಬೆಳಿಗ್ಗೆ ಬಿಸಿಲು ಇನ್ನೂ ಜಗುಲಿಯ ಮೆಟ್ಟಿಲು ಹತ್ತಿರಲಿಲ್ಲ. ಪರೀಕ್ಷೆ ಮುಗಿದು ರಜೆ ಬಂದಿದ್ದರಿಂದ ಒಂಬತ್ತು ವರ್ಷದ ಮಗಳು ಸುಮತಿ ನನ್ನ ಪಕ್ಕದಲ್ಲೇ ಕೂತು ಕಡ್ಡಿಯಿಂದ ಬೇವಿನೆಲೆ ಬಿಡಿಸುತ್ತಿದ್ದಳು. ಒಂದು ಮೊರದಷ್ಟು ಮುಗಿಸಿ ಇನ್ನೊಂದಕ್ಕೆ ಎಣ್ಣೆ ಬಿಟ್ಟಿದ್ದೆನಷ್ಟೆ, ಗೇಟಿನ ಸದ್ದಾಯಿತು. ತಲೆ ಎತ್ತಿದರೆ ಅವರು.

ನನ್ನ ಗಂಡ ಭೀಮಸೇನರಾಯರು ಕೊಯಾಲಿಯ ರಿಫೈನರಿಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುವವರು. ಬಸ್ಸು ಹಿಡಿಯಲು ಹೋಗಿ ಹೆಚ್ಚು ಹೊತ್ತಾಗಿರಲಿಲ್ಲ. ನಾನು ಕಟ್ಟಿಕೊಟ್ಟ ಊಟದ ಡಬ್ಬಿ ಕೈಯಲ್ಲಿ ಹಾಗೇ ಇತ್ತು. ಒಳಗೆ ಹೋಗಲಿಲ್ಲ. ಚಪ್ಪಲಿ ಬಿಟ್ಟು ನನ್ನೆದುರು ನೆಲದ ಮೇಲೆ ಕೂತುಬಿಟ್ಟರು. ನಾನು ಏಳಲು ಹೋದೆ, ಎಣ್ಣೆಗೈ, ಎಲ್ಲಿ ಊರಿ ಏಳಲಿ? ಸುಮತಿಯನ್ನು ಚಹಾ ತರಲು ಕಳಿಸಿದೆ.

ಅವಳು ತಂದ ಕಪ್ಪನ್ನು ಅವರು ಎರಡೂ ಕೈಯಿಂದ ಅವುಚಿ ಹಿಡಿದು ಮೆಲ್ಲಗೆ ಬಾಯಿಗೆ ತಂದರು. ಈ ಊರಿನಲ್ಲಿ ಯಾರೂ ಕಪ್ಪಿನಿಂದ ಚಹಾ ಕುಡಿಯುವುದಿಲ್ಲ. ಬಶಿಗೆ ಸುರಿದು, ಊದಿ, ಸೊರ್ರೆಂದು ಎಳೆಯುತ್ತಾರೆ. ಅವರೂ ಮೊದಲು ಹಾಗೇ ಕುಡಿಯುತ್ತಿದ್ದರು. ಸಂಕ್ರಾಂತಿಯಿಂದೀಚೆ ಬಿಟ್ಟಿದ್ದಾರೆ. ನಡುಗುವ ಕೈಯಲ್ಲಿ ಬಶಿ ನಿಲ್ಲುವುದಿಲ್ಲ.

ಸುಮತಿ ಕಪ್ಪು ತೊಳೆಯಲು ಒಳಗೆ ಹೋದ ಮೇಲೆ ಹೇಳಿದರು. ಪಾಳಿಯ ಬಸ್ಸು ರೈಲ್ವೆ ಗೇಟಿನ ಹತ್ತಿರ ನಿಲ್ಲುತ್ತದೆ. ಅಲ್ಲಿ ಬೇಲಿಗೊರಗಿ ಒಬ್ಬ ದಿನವೂ ನಿಂತಿರುತ್ತಾನೆ. ಕರೆಯುವುದಿಲ್ಲ, ಕೈ ಮಾಡುವುದಿಲ್ಲ. ಇವರನ್ನು ನೋಡಿ ಕಿವಿ ತುರಿಸಿಕೊಳ್ಳುತ್ತಾನೆ, ಅಷ್ಟೆ. ಚಳಿಗಾಲದವರೆಗೆ ಇವರಿಗೆ ಬಾಟಲಿ ತಂದುಕೊಡುತ್ತಿದ್ದವನು ಅವನೇ.

"ಇವತ್ತ ಬಸ್ಸಿಂದ ಇಳದ ಬಿಟ್ಟೆ," ಎಂದರು. "ಇಳದು ಅವನ ಕಡೆ ಹೋಗಲಿಲ್ಲ, ಈ ಕಡೆ ಬಂದೆ. ನಾಳೆ ಯಾವ ಕಡೆ ಹೋಗ್ತೀನೋ, ನನಗ ಗೊತ್ತಿಲ್ಲ."

ಹೇಳಿ ಗೋಧಿಯ ರಾಶಿಯೊಳಗೆ ಎರಡೂ ಕೈ ಇಳಿಸಿದರು. ಕಾಳು ಸರಸರನೆ ಜಾರಿ ಮಣಿಕಟ್ಟಿನವರೆಗೆ ಮುಚ್ಚಿತು. ಹೊಳೆಯಲ್ಲಿ ಕೈ ಬಿಟ್ಟು ಕೂತವರ ಹಾಗೆ ಬಹಳ ಹೊತ್ತು ಹಾಗೇ ಕೂತರು. ನಾನು ನೋಡುತ್ತಿದ್ದೆ. ಕಾಳಿನ ಅಡಿಯಲ್ಲಿ ಬೆರಳು ಮೊದಲು ಹುಳದ ಹಾಗೆ ಮಿಡುಕಿದವು, ಆಮೇಲೆ ಸುಮ್ಮನಾದವು.

ಗುಜರಾತಿನಲ್ಲಿ ದಾರು ಮಾರುವಂತಿಲ್ಲ, ಕುಡಿಯುವಂತಿಲ್ಲ. ಅಹಮದಾಬಾದಿನ ಮಿಲ್ಲೊಂದರಲ್ಲಿ ಇವರಿಗೆ ಕೆಲಸ ಸಿಕ್ಕಾಗ ನಮ್ಮವ್ವ ತುಪ್ಪದ ದೀಪ ಹಚ್ಚಿದ್ದಳು. ಊರಿನಲ್ಲಿ ಗೆಳೆಯರ ಜೊತೆ ಒಮ್ಮೊಮ್ಮೆ ಕುಡಿಯುತ್ತಿದ್ದ ಅಳಿಯನಿಗೆ ಅಲ್ಲಿ ಬೇಕೆಂದರೂ ಸಿಗುವುದಿಲ್ಲವೆಂದು ಅವಳ ಸಮಾಧಾನ. ಸಿಗದ ಊರಿನಲ್ಲಿ ಹುಡುಕುವುದೇ ಇವರಿಗೆ ಚಟವಾಯಿತು. ಅಹಮದಾಬಾದಿನಲ್ಲಿ ಕಲಿತದ್ದು ಸೂರತ್‌ನಲ್ಲಿ ಬೆಳೆಯಿತು, ಬರೋಡಾಕ್ಕೆ ಬರುವ ಹೊತ್ತಿಗೆ ಮನೆಯನ್ನೆಲ್ಲ ತುಂಬಿಕೊಂಡಿತ್ತು. ಕಳೆದ ಚಳಿಗಾಲದಲ್ಲಿ ಮುಂಬಯಿಯಿಂದ ನಮ್ಮಣ್ಣ ಶ್ರೀಪಾದ ಬಂದು ಇವರನ್ನು ಕರೆದುಕೊಂಡು ಹೋಗಿ, ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಒಂದು ತಿಂಗಳು ಇರಿಸಿದ. ಅಲ್ಲಿಂದ ಬಂದವರು ಮುಟ್ಟಿಲ್ಲ.

ಓಣಿಗೆಲ್ಲ ಕಾಮಾಲೆ ಎಂದು ಹೇಳಿದ್ದೆವು. ಸುಮತಿಗೂ ಹಾಗೇ ಹೇಳಿದ್ದೆವು. ಕಾಮಾಲೆಗೆ ಕಬ್ಬಿನ ಹಾಲು ಒಳ್ಳೆಯದೆಂದು ಈ ಕಡೆಯವರ ನಂಬಿಕೆ. ಇವರು ಬಂದ ಮೇಲೆ ಒಂದು ದಿನ ಒಂದು ಮನೆಯಿಂದ, ಮತ್ತೊಂದು ದಿನ ಮತ್ತೊಂದು ಮನೆಯಿಂದ ತಂಬಿಗೆ ತಂಬಿಗೆ ಕಬ್ಬಿನ ಹಾಲು ಬಂತು. ಇವರು ಒಂದು ಗುಟುಕು ಕುಡಿದು ಮುಖ ಕಿವುಚುತ್ತಿದ್ದರು. ಉಳಿದದ್ದನ್ನು ಚೆಲ್ಲಬಾರದೆಂದು ಸುಮತಿಗೆ ಕುಡಿಸುತ್ತಿದ್ದೆ. ಪಾಪ, ಮಾತಾಡದೆ ಕುಡಿಯುತ್ತಿದ್ದಳು.

ಕಾಳಿನೊಳಗೆ ಕೈಯಿಟ್ಟುಕೊಂಡೇ ಇವರು ಇನ್ನೊಂದು ಮಾತು ಹೇಳಿದರು. ಇಷ್ಟು ದಿನ ಮುಚ್ಚಿಟ್ಟುಕೊಂಡಿದ್ದ ಮಾತು. ಆಸ್ಪತ್ರೆಯಿಂದ ಹೊರಡುವಾಗ ಡಾಕ್ಟರು ಹೇಳಿದ್ದರಂತೆ, ಕುಡಿಯುವುದನ್ನು ಬಿಟ್ಟವರು ಒಟ್ಟಿಗೆ ಕೂಡುವ ಒಂದು ಪದ್ಧತಿ ಇದೆ. ಔಷಧವಿಲ್ಲ, ಉಪದೇಶವಿಲ್ಲ. ಚಹಾ ಕುಡಿಯುತ್ತಾರೆ, ತಮ್ಮ ತಮ್ಮ ಕಥೆ ಹೇಳುತ್ತಾರೆ, ಇವತ್ತೊಂದು ದಿನ ಕುಡಿಯದೆ ಇರೋಣ ಎಂದು ಎದ್ದು ಹೋಗುತ್ತಾರೆ. ಮುಂಬಯಿಯಲ್ಲಿದೆ, ಬರೋಡಾದಲ್ಲೂ ನಾಲ್ಕಾರು ಮಂದಿ ಶುರುಮಾಡಿದ್ದಾರೆ. ಫತೇಗಂಜ್‌ನಲ್ಲಿ, ಚರ್ಚಿನ ಆಚೆ, ಯಾವುದೋ ಮಹಡಿಯ ಮೇಲೆ, ಶನಿವಾರ ಸಂಜೆ. ಬೋರ್ಡು ಇರುವುದಿಲ್ಲ.

ಮತ್ತೆ ಯಾಕೆ ಹೋಗಲಿಲ್ಲ ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು. ಕುಡಿಯುವುದೇ ಅಪರಾಧವಾದ ರಾಜ್ಯದಲ್ಲಿ, ನಾನು ಕುಡಿಯುತ್ತಿದ್ದೆ ಎಂದು ನಾಲ್ಕು ಜನರೆದುರು ಒಪ್ಪಿಕೊಳ್ಳುವುದು ಹೇಗೆ? ಹೆಸರು ಬರೆದುಕೊಂಡರೆ? ಅದು ಪೋಲೀಸರ ಕೈಗೆ ಹೋದರೆ? ಕೆಲಸ ಉಳಿಯುತ್ತದೆಯೇ?

"ನೀ ಒಮ್ಮೆ ಹೋಗಿ ನೋಡ್ಕೊಂಡು ಬಾ. ಹೆಸರು ಗಿಸರು ಕೇಳೂದಿಲ್ಲ ಅಂದ್ರ ಬಂದು ಕರಿ, ಬರ್ತೀನಿ. ಆದರ ಇವತ್ತ, ಇಂದೂ. ಮುಂದಿನ ಶನಿವಾರದ ತನಕ ನನ್ನ ಕೈಲಿ ಆಗೂದಿಲ್ಲ."

ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅವರು ನನ್ನಲ್ಲಿ ಏನನ್ನಾದರೂ ಹೀಗೆ ಬೇಡಿದ್ದು ಅದೇ ಮೊದಲು.

ಹೊರಗೆ ಹೋದರೆ ಸುಮತಿಯೇ ನನ್ನ ನಾಲಿಗೆ. ನನ್ನ ಗುಜರಾತಿ ತರಕಾರಿ ಗಾಡಿಯವನ ಹತ್ತಿರ ಮುಗಿಯುತ್ತದೆ. ಅವಳದು ಇಲ್ಲೇ ಹುಟ್ಟಿದವರ ಹಾಗೆ ಹರಿಯುತ್ತದೆ. ಮನೆಯಲ್ಲಿ ಕನ್ನಡ ಮಾತಾಡುವಾಗಲೇ ಅವಳು ತಡವರಿಸುವುದು. ಊಟ ಮಾಡಿಸಿ, ಎಣ್ಣೆ ಹಚ್ಚಿ ಜಡೆ ಹಾಕುತ್ತಾ ಅವಳಿಗೆ ಹೇಳಿಕೊಟ್ಟೆ. ಫತೇಗಂಜ್‌ಗೆ ಹೋಗೋಣ. ದಾರಿಯಲ್ಲಿ ಯಾರನ್ನಾದರೂ ಕೇಳಬೇಕು, ಬಿಟ್ಟವರು ಕೂಡುವ ಜಾಗ ಎಲ್ಲಿ ಅಂತ.

"ಏನ ಬಿಟ್ಟವರು?"

"ಅಷ್ಟ ಕೇಳಿದ್ರ ಸಾಕು. ತಿಳದವರಿಗೆ ತಿಳೀತದ."

ಅವಳು ಜಡೆಯ ತುದಿ ಹಿಡಿದು ನನ್ನ ಕಡೆ ತಿರುಗಿದಳು. "ಅವ್ವಾ, ಒಂದು ಮಾತು ಕೇಳ್ಲೇನು?"

"ಆಮ್ಯಾಲ ಕೇಳು," ಎಂದೆ.

ಹೊರಡುವ ಹೊತ್ತಿಗೆ ಜಡಾವಬೆನ್ ತಮ್ಮ ಮನೆಯ ಗೋಧಿಯ ಚೀಲವನ್ನು ಎಳೆದುಕೊಂಡು ನಮ್ಮ ಜಗುಲಿಗೇ ಬಂದಿದ್ದರು. ಇವರು ಕಾಳು ತಿಕ್ಕುತ್ತಾ ಕೂತಿದ್ದನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ತಮ್ಮ ಯಜಮಾನರಿಗೆ ಗೋಧಿ ಅನ್ನುವುದು ರೋಟಲಿಯಾಗಿ ತಟ್ಟೆಗೆ ಬಿದ್ದ ಮೇಲಷ್ಟೇ ಗೊತ್ತು, ಕಾನಡಿ ಗಂಡಸರು ಪರವಾಗಿಲ್ಲ ಎಂದರು. ಇವರೂ ಸಣ್ಣಗೆ ನಕ್ಕರು. ನಾನು ಗೇಟು ದಾಟುವಾಗ ಜಡಾವಬೆನ್ ಹಿಂದೆಯೇ ಬಂದು, ನಗದೆ, ಗಟ್ಟಿಯಾಗಿಯೇ ಹೇಳಿದರು.

"ನೀನು ನಿಶ್ಚಿಂತೆಯಿಂದ ಹೋಗು ಬೆನ್. ದೀಪ ಹಚ್ಚುವವರೆಗೆ ನಾನು ಇವರ ಕೈಯಿಂದ ಎಣ್ಣೆ ಇಳಿಯಲು ಬಿಡುವುದಿಲ್ಲ. ಎಣ್ಣೆಗೈಯಲ್ಲಿ ಲೋಟ ನಿಲ್ಲುವುದಿಲ್ಲ."

ನಾನು ಸುಮತಿಯ ಮುಖ ನೋಡಿದೆ. ಅವಳು ಗೇಟಿನ ಸರಳನ್ನು ಎಣಿಸುವವರ ಹಾಗೆ ಬೆರಳಿನಿಂದ ಮುಟ್ಟುತ್ತಾ ನಿಂತಿದ್ದಳು.

ಕುದುರೆಗಾಡಿಯಲ್ಲಿ ಕೂತ ಮೇಲೂ ಕೈಯಿಂದ ಹರಳೆಣ್ಣೆಯ ವಾಸನೆ ಹೋಗಿರಲಿಲ್ಲ. ಸಂಜೆಯಾಗುತ್ತ ಬಂದಿದ್ದರೂ ಬಿಸಿಲು ಇಳಿದಿರಲಿಲ್ಲ. ರಸ್ತೆಯ ಮೇಲೆ ಝಳ ನೀರಿನ ಹಾಗೆ ಅಲೆಯಾಡುತ್ತಿತ್ತು. ದೂರದ ಸೈಕಲ್ಲುಗಳು ಆ ನೀರಿನೊಳಗಿಂದ ಎದ್ದು ಬಂದು, ನಮ್ಮನ್ನು ದಾಟಿ, ಮತ್ತೆ ನೀರಿಗಿಳಿಯುತ್ತಿದ್ದವು. ಕುದುರೆಯ ಗೊರಸಿನ ಸದ್ದಿಗೆ ಸುಮತಿ ನನ್ನ ತೋಳಿಗೆ ತಲೆ ಆನಿಸಿದಳು. ನನಗೂ ಕಣ್ಣು ಎಳೆಯುತ್ತಿತ್ತು. ಹೀಗೇ ಹೋಗುತ್ತಾ ಇದ್ದರೆ, ಎಲ್ಲಿಯೂ ಇಳಿಯದೆ, ಯಾರನ್ನೂ ಕೇಳದೆ, ಆ ಮನೆಯೇ ತಾನಾಗಿ ಎದುರಿಗೆ ಬಂದು ನಿಂತೀತು ಅನ್ನಿಸುತ್ತಿತ್ತು.

ಫತೇಗಂಜ್‌ನಲ್ಲಿ ರಸ್ತೆ ಅಗಲ, ಮರ ಹೆಚ್ಚು. ಬೇವು ಹೂ ಬಿಟ್ಟಿತ್ತು. ಗಾಳಿ ಇಲ್ಲದೆಯೂ ಹೂ ಉದುರಿ ಸುಮತಿಯ ತಲೆಯ ಮೇಲೆ, ನನ್ನ ಸೆರಗಿನ ಮೇಲೆ ಕೂರುತ್ತಿತ್ತು. ಚರ್ಚಿನ ಗೋಡೆ ಬಿಸಿಲಿಗೆ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಅದನ್ನು ದಾಟಿ ಓಣಿಗೆ ತಿರುಗಿದೆವು. ಮಹಡಿಯ ಮೇಲೆ ಎಂದಿದ್ದರು. ನೋಡಿದರೆ ಇದ್ದ ಮನೆಗಳೆಲ್ಲ ಮಹಡಿಯವೇ.

ಮೂಲೆಯ ಮನೆಯ ಮಹಡಿಯಲ್ಲಿ ಮರದ ಕಟಾಂಜನದ ಪಡಸಾಲೆ. ಅಲ್ಲಿ ಏಳೆಂಟು ಗಂಡಸರು ಕೂತು ಚಹಾ ಕುಡಿಯುತ್ತಿದ್ದರು. ರೈಲ್ವೆ ಗಾರ್ಡಿನ ಬಿಳಿ ಉಡುಪಿನವನೊಬ್ಬ, ಕರಿ ಟೋಪಿಯವನೊಬ್ಬ, ಕಟಾಂಜನಕ್ಕೆ ಛತ್ರಿ ತೂಗಹಾಕಿದ್ದ ಮುದುಕರೊಬ್ಬರು. ಯಾರೋ ಏನೋ ಹೇಳಿದರು, ಎಲ್ಲರೂ ಗೊಳ್ಳೆಂದು ನಕ್ಕರು. ಗಾರ್ಡಂತೂ ತೊಡೆ ತಟ್ಟಿಕೊಂಡು ನಕ್ಕ. ಮದುವೆಯ ಮಾತಿಗೆ ಬಂದ ಗಂಡಿನ ಕಡೆಯವರಿರಬೇಕು ಎಂದುಕೊಂಡೆ. ತಲೆಯ ಮೇಲೆ ಸೆರಗೆಳೆದುಕೊಂಡು, ಸುಮತಿಯ ಕೈ ಹಿಡಿದು ಬೇಗ ಬೇಗ ದಾಟಿದೆ. ನಾನು ಹುಡುಕುತ್ತಿದ್ದ ಮನೆ ಹೇಗಿರುತ್ತದೆಂದು ನನಗೆ ಗೊತ್ತಿತ್ತು. ಕಿಟಕಿ ಮುಚ್ಚಿರುತ್ತದೆ. ಒಳಗೆ ತಲೆ ತಗ್ಗಿಸಿದವರು ಕೂತಿರುತ್ತಾರೆ, ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಹಾಗೆ.

ಅಂಥ ಮನೆ ಆ ಓಣಿಯಲ್ಲೂ ಇರಲಿಲ್ಲ, ಪಕ್ಕದ ಓಣಿಯಲ್ಲೂ ಇರಲಿಲ್ಲ. ಹಾಲಿನ ಕ್ಯಾನು ಹೊತ್ತ ಹೆಂಗಸೊಬ್ಬಳು ಎದುರಾದಳು. ಸುಮತಿ ನಾನು ಹೇಳಿಕೊಟ್ಟ ಹಾಗೆಯೇ ಕೇಳಿದಳು. ಆ ಹೆಂಗಸು ಸ್ವಲ್ಪವೂ ಯೋಚಿಸದೆ ಕೈ ತೋರಿಸಿದಳು. ಎಡಕ್ಕೆ, ಮತ್ತೆ ಎಡಕ್ಕೆ, ಬಿಳಿ ಬಾಗಿಲು. ನನ್ನ ಎದೆ ಹಗುರಾಯಿತು. ನೋಡು, ಎಷ್ಟು ಸುಲಭ ಎಂದು ಮಗಳಿಗೆ ಹೇಳಿದೆ.

ಬಿಳಿ ಬಾಗಿಲಿನ ಒಳಗೆ ಉದ್ದನೆಯ ತಂಪಾದ ಹಜಾರ. ನೆಲ, ಗೋಡೆ, ಕೂತವರ ಸೀರೆ ಎಲ್ಲ ಬಿಳಿ. ಕೂತವರೆಲ್ಲ ಹೆಂಗಸರು. ಹೊರಗಿನ ಉರಿಯಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣಲಿಲ್ಲ, ಹಾಲಿನೊಳಗೆ ಕಾಲಿಟ್ಟ ಹಾಗಾಯಿತು. ಒಬ್ಬ ಅಜ್ಜಿ ನಮ್ಮನ್ನು ಕೈ ಹಿಡಿದು ಕೂರಿಸಿ, ಕಾಸಿ ಆರಿಸಿದ ನೀರು ಕೊಟ್ಟರು. ಸೂರ್ಯ ಮುಳುಗಿದ ಮೇಲೆ ನೀರನ್ನೂ ಕುಡಿಯದವರು ಅವರು, ಆಗಲೇ ಕುಡಿದು ಮುಗಿಸುವ ಅವಸರದಲ್ಲಿದ್ದರು. ಆಗ ನನಗೆ ತಿಳಿಯಿತು. ಅದು ಜೈನರ ಉಪಾಶ್ರಯ, ವ್ರತ ಹಿಡಿದವರು ಬಂದು ಕೂರುವ ಜಾಗ. ಈ ನಾಡಿನಲ್ಲಿ ಏನನ್ನೂ ಬಿಡದವರು ಯಾರಿದ್ದಾರೆ? ಈರುಳ್ಳಿ ಬಿಟ್ಟವರು, ಹಸಿರು ಕಾಯಿಪಲ್ಲೆ ಬಿಟ್ಟವರು, ರಾತ್ರಿಯ ಊಟ ಬಿಟ್ಟವರು. ಬಿಟ್ಟವರು ಎಲ್ಲಿ ಎಂದು ಕೇಳಿದರೆ ಇನ್ನೆಲ್ಲಿಗೆ ಕಳಿಸಿಯಾರು?

ಅಜ್ಜಿ ಸುಮತಿಯ ಗಲ್ಲ ಹಿಡಿದು ನೀನು ಏನು ಬಿಡಬೇಕೆಂದಿದ್ದೀ ಮಗಳೇ ಎಂದು ಕೇಳಿದರು. ಇಲ್ಲಿ ಹಾಗೊಂದು ಹರಕೆಯೂ ಉಂಟು. ಬಯಸಿದ್ದು ಆಗುವವರೆಗೆ ಇಷ್ಟವಾದದ್ದೊಂದನ್ನು ಬಿಡುವುದು. ಅಜ್ಜಿಯ ಪಕ್ಕ ಕೂತವಳು ಮಗಳಿಗೆ ಗಂಡು ಸಿಗುವವರೆಗೆ ಉಪ್ಪಿನಕಾಯಿ ಬಿಟ್ಟಿದ್ದಳಂತೆ.

ಸುಮತಿ ಯೋಚಿಸಿ ಹೇಳಿದಳು, ಕಬ್ಬಿನ ಹಾಲು.

ಎಲ್ಲಿಯವರೆಗೆ?

"ಅಪ್ಪನಿಗೆ ಕಾಮಾಲೆ ವಾಸಿಯಾಗುವವರೆಗೆ," ಎಂದಳು. ಗುಜರಾತಿಯಲ್ಲಿ ಹೇಳಿದಳು, ಆದರೆ ನೋಡಿದ್ದು ಅಜ್ಜಿಯನ್ನಲ್ಲ, ನನ್ನನ್ನು. ಆ ನೋಟ ನನ್ನ ಮುಖದ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿತು. ಅಜ್ಜಿಯ ಎದುರು ಕೈಮುಗಿದು ಎದ್ದುಬಿಟ್ಟೆ.

ಹೊರಗೆ ಬಂದಾಗ ಬಿಸಿಲು ಗೋಡೆಗಳ ಅರ್ಧಕ್ಕೇರಿತ್ತು. ಮತ್ತೆ ಅದೇ ಮೂಲೆ, ಅದೇ ಮಹಡಿ. ಈಗ ಅವರು ನಗುತ್ತಿರಲಿಲ್ಲ. ಒಬ್ಬ ಮಾತಾಡುತ್ತಿದ್ದ, ಉಳಿದವರು ಕೇಳುತ್ತಿದ್ದರು. ವರದಕ್ಷಿಣೆಯ ಮಾತು ಬಂದಿರಬೇಕು ಎಂದುಕೊಂಡು ತಲೆ ಎತ್ತದೆ ನಡೆದೆ.

"ಅವ್ವಾ," ಎಂದು ಸುಮತಿ ಸೆರಗು ಎಳೆದಳು. "ಕೇಳ್ಲೇನು?"

"ಆಮ್ಯಾಲ ಅಂತ ಹೇಳಿದೆ ಹೌದಿಲ್ಲೋ."

ಇನ್ನು ಇವಳ ಬಾಯಿಂದ ಕೇಳಿಸುವುದು ಬೇಡ, ನಾನೇ ಕೇಳಬೇಕು ಅನ್ನಿಸಿತು. ಮುಂದೆ ಒಂದು ಸೋಡಾ ಅಂಗಡಿ. ಗೋಲಿ ಸೋಡಾದ ಬಾಟಲಿಗಳು ಹಸಿರು ಬೆಳಕು ಹಿಡಿದುಕೊಂಡು ಸಾಲಾಗಿ ನಿಂತಿದ್ದವು. ಸುಮತಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ನಾನೊಬ್ಬಳೇ ಅಂಗಡಿಯ ಕಟ್ಟೆಯ ಹತ್ತಿರ ಹೋದೆ. ಅಂಗಡಿಯವನು ಇವರ ವಯಸ್ಸಿನವನು, ಹೆಗಲ ಮೇಲೆ ಒದ್ದೆ ಬಟ್ಟೆ. ಸುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನನಗೆ ಬರುವ ಹರಕು ಗುಜರಾತಿಯಲ್ಲಿ, ನನಗೇ ಕೇಳಿಸದಷ್ಟು ಮೆಲ್ಲಗೆ ಕೇಳಿದೆ. ಕುಡಿಯುವವರು ಕೂಡುವ ಜಾಗ ಇಲ್ಲಿ ಎಲ್ಲಿದೆ ಅಣ್ಣಾ? ಬಿಟ್ಟವರು ಅನ್ನುವ ಮಾತು ಮೊದಲ ಸಲ ನನ್ನನ್ನು ತಪ್ಪು ಬಾಗಿಲಿಗೆ ಕಳಿಸಿತ್ತಲ್ಲ, ಅದಕ್ಕೆ ಈ ಸಲ ಅದನ್ನೇ ಕೈಬಿಟ್ಟಿದ್ದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಅವನೂ ಸುತ್ತ ನೋಡಿದ. ಒದ್ದೆ ಬಟ್ಟೆಯಿಂದ ಕಟ್ಟೆ ಒರೆಸುತ್ತಾ, ತುಟಿ ಅಲ್ಲಾಡಿಸದೆ, ಹಿಂದಿನ ಗಲ್ಲಿಗೆ ಬನ್ನಿ ಎಂದ. ಒಂದೇ ಬಾಟಲಿಯೇ? ಯಜಮಾನರಿಗೆ ನಡೆಯಲು ಆಗುತ್ತಿಲ್ಲವೇ? ಹೆಂಗಸರು ಬರುವುದು ಅಪರೂಪ, ಆದರೆ ಬರುತ್ತಾರೆ, ನಾಚಿಕೆ ಪಡಬೇಡಿ.

ಅಲ್ಲ, ಅದಲ್ಲ, ಬೇಡ, ಬಿಡಬೇಕು, ಬಿಡಿಸಬೇಕು ಎಂದು ಕನ್ನಡವೋ ಗುಜರಾತಿಯೋ ತಿಳಿಯದೆ ತೊದಲಿದೆ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಒರೆಸುವುದನ್ನು ನಿಲ್ಲಿಸಿದ. ಸಿಟ್ಟಾಗಲಿಲ್ಲ. ಒಂದು ಸೋಡಾ ಒಡೆದು ನನ್ನ ಮುಂದಿಟ್ಟ, ಬೇಡವೆಂದರೂ ಇಟ್ಟ.

"ತಪ್ಪು ತಿಳಿಯಬೇಡಿ ಬೆನ್," ಎಂದ. "ಈ ಊರಿನಲ್ಲಿ ಇಷ್ಟು ಮೆಲ್ಲಗೆ ಕೇಳುವವರು ಅದೊಂದನ್ನೇ ಕೇಳುವುದು."

ಬಿಟ್ಟವರ ಮನೆ ಅವನಿಗೆ ಗೊತ್ತಿರಲಿಲ್ಲ. ಬಿಟ್ಟವರು ಅವನ ಅಂಗಡಿಗೆ ಯಾಕೆ ಬರುತ್ತಾರೆ?

ಸೋಡಾವನ್ನು ಸುಮತಿಗೆ ಕುಡಿಸಿದೆ. ಅವಳ ಮೂಗಿಗೆ ಗುಳ್ಳೆ ಏರಿ ಸೀನಿದಳು. ನನಗೆ ನಗು ಬರಬೇಕಿತ್ತು, ಕಣ್ಣಿನಲ್ಲಿ ನೀರು ಬಂತು. ಬೇವಿನ ಬುಡದ ಕಟ್ಟೆಯ ಮೇಲೆ ಕೂತುಬಿಟ್ಟೆ. ಕೊಯಾಲಿಯ ಕಡೆ ಆಕಾಶ ಕೆಂಪಾಗುತ್ತಿತ್ತು. ಸೂರ್ಯನದೋ, ಕಾರ್ಖಾನೆಯ ಚಿಮಣಿಯ ಬೆಂಕಿಯದೋ ಇಲ್ಲಿಂದ ತಿಳಿಯುವಂತಿರಲಿಲ್ಲ. ಅಲ್ಲಿ ಜಗುಲಿಯ ಮೇಲೆ ಜಡಾವಬೆನ್ ತಮ್ಮ ಚೀಲದ ಕೊನೆಯ ಕಾಳನ್ನು ಇವರ ಮುಂದೆ ಸುರಿಯುತ್ತಿರಬಹುದು. ತಿಕ್ಕಿದ್ದನ್ನೇ ಮತ್ತೊಮ್ಮೆ ತಿಕ್ಕಿಸುತ್ತಿರಬಹುದು. ದೀಪ ಹಚ್ಚುವ ಹೊತ್ತಾದರೆ ಜಡಾವಬೆನ್ ಕೂಡ ಎದ್ದು ತಮ್ಮ ಮನೆಗೆ ಹೋಗಬೇಕು. ಆಮೇಲೆ ಇವರು ಬಚ್ಚಲಿಗೆ ಹೋಗಿ ಸೀಗೆಪುಡಿ ಹಾಕಿ ಕೈ ತೊಳೆಯುತ್ತಾರೆ. ತೊಳೆದ ಕೈಯನ್ನು ನೋಡಿಕೊಳ್ಳುತ್ತಾರೆ. ರೈಲ್ವೆ ಗೇಟು ನಮ್ಮ ಮನೆಯಿಂದ ದೂರವಿಲ್ಲ.

ಮೆಲ್ಲಗೆ ಕೇಳಿದರೆ ಗಲ್ಲಿಗೆ ಕರೆಯುತ್ತಾರೆ. ಸುತ್ತಿ ಬಳಸಿ ಕೇಳಿದರೆ ಉಪಾಶ್ರಯಕ್ಕೆ ಕಳಿಸುತ್ತಾರೆ. ಇನ್ನು ಉಳಿದದ್ದು ಇದ್ದದ್ದನ್ನು ಇದ್ದ ಹಾಗೆ ಕೇಳುವುದು. ಆ ಮಾತು ನನ್ನ ಗಂಟಲಲ್ಲಿತ್ತು. ಅಹಮದಾಬಾದಿನ ದಿನಗಳಿಂದ ಅಲ್ಲೇ ಇತ್ತು. ಅವ್ವನಿಗೂ ಹೇಳಿರಲಿಲ್ಲ, ಅಣ್ಣನಿಗೂ ಅವನೇ ಬಂದು ಕಣ್ಣಾರೆ ನೋಡುವವರೆಗೆ ಹೇಳಿರಲಿಲ್ಲ.

"ಅವ್ವಾ," ಎಂದಳು ಸುಮತಿ. ನನ್ನ ಮಂಡಿಯ ಮೇಲೆ ಕೈಯಿಟ್ಟು ನಿಂತಿದ್ದಳು. "ನೀ ಅಳಬ್ಯಾಡ. ಆ ಮ್ಯಾಲಿನ ಮನಿ ನೋಡಿದ್ಯೇನು?"

"ಯಾವುದು?"

"ಛತ್ರಿ ಅಜ್ಜಂದು. ನಗತಿದ್ರಲ್ಲ. ಅವರ ಕೈಯಾಗ ಕಪ್ಪು ಅದ, ಬಶಿ ಇಲ್ಲ. ಒಬ್ಬರೂ ಬಶಿಯಾಗ ಹಾಕ್ಕೊಂಡಿಲ್ಲ. ಆ ಗಾರ್ಡ್ ಕಾಕಾ ಎರಡೂ ಕೈಲೆ ಹಿಡ್ಕೊಂಡಾನ, ಅಪ್ಪನ ಹಂಗ."

ನಾನು ಅವಳನ್ನೇ ನೋಡಿದೆ. ಸೋಡಾದ ತೇವ ಅವಳ ಮೇಲ್ತುಟಿಯ ಮೇಲೆ ಇನ್ನೂ ಹೊಳೆಯುತ್ತಿತ್ತು.

"ನಿಂಗ ಏನು ಗೊತ್ತದ ಸುಮೀ?"

ಅವಳು ಅಂಗೈಯಿಂದ ಮೇಲ್ತುಟಿ ಒರೆಸಿಕೊಂಡಳು. ಚಿಕ್ಕವಳಿದ್ದಾಗ, ಸೂರತ್‌ನಲ್ಲಿ, ಇವರು ತಡವಾಗಿ ಬಂದ ದಿನ ಹಾಸಿಗೆಯಲ್ಲಿ ಉಸಿರು ಬಿಗಿಹಿಡಿದು ಮಲಗಿರುತ್ತಿದ್ದಳು. ನಿದ್ದೆ ಬಂದಿದೆ ಎಂದುಕೊಂಡು ನಾನು ಹೊದಿಕೆ ಹೊದಿಸುತ್ತಿದ್ದೆ. ನಿದ್ದೆ ಬಂದ ಮಗುವಿನ ಉಸಿರು ಹಾಗಿರುವುದಿಲ್ಲವೆಂದು ತಾಯಿಯಾದ ನನಗೆ ಗೊತ್ತಿತ್ತು. ಅವಳು ಮಲಗಿದಂತೆ ಮಾಡುತ್ತಿದ್ದಳು, ನಾನು ನಂಬಿದಂತೆ ಮಾಡುತ್ತಿದ್ದೆ. ಕಬ್ಬಿನ ಹಾಲನ್ನೂ ಹಾಗೇ ಕುಡಿದಿದ್ದಳು, ತಂಬಿಗೆ ತಂಬಿಗೆ.

"ಈಗ ಕೇಳ್ಲೇನು?" ಎಂದಳು.

ಮಧ್ಯಾಹ್ನದಿಂದ ಅವಳು ಕೇಳುತ್ತಿದ್ದುದು ನನ್ನನ್ನೇ ಏನನ್ನೋ ಕೇಳಲಿಕ್ಕೆಂದು ತಿಳಿದಿದ್ದೆ. ಅವಳು ಕೇಳುತ್ತಿದ್ದುದು, ಜನರನ್ನು ನೇರವಾಗಿ ಕೇಳಲು ಅಪ್ಪಣೆ. ನಾನು ಎದ್ದೆ. ಅವಳ ತಲೆಯ ಮೇಲೆ ಉದುರಿದ್ದ ಬೇವಿನ ಹೂಗಳನ್ನು ಒಂದೊಂದಾಗಿ ತೆಗೆದೆ. ಕೆನ್ನೆ ಒರೆಸಿದೆ.

"ಕೇಳವ್ವಾ," ಎಂದೆ. "ಗಟ್ಟಿಯಾಗಿ ಕೇಳು."

ಮೂಲೆಯ ಮನೆಯ ಕೆಳಗೆ ಹೋಗಿ ನಿಂತೆವು. ಮೇಲೆ ಯಾರೋ ಎದ್ದು ಲಾಂದ್ರ ಹಚ್ಚುತ್ತಿದ್ದರು. ಛತ್ರಿಯ ಮುದುಕರು ಎರಡೂ ಕೈಯಲ್ಲಿ ಕಪ್ಪು ಹಿಡಿದು ಕಣ್ಣು ಮುಚ್ಚಿ ಯಾರ ಮಾತನ್ನೋ ಆಲಿಸುತ್ತಿದ್ದರು. ಅವರ ಮುಂದೆ ಬರೆಯುವ ಹಲಗೆ ಇರಲಿಲ್ಲ, ಕಾಗದ ಇರಲಿಲ್ಲ. ಚಹಾದ ಕಿಟ್ಲಿ ಒಂದಿತ್ತು. ರಸ್ತೆಯಲ್ಲಿ ಜನ ಹೋಗುತ್ತಿದ್ದರು, ಸೈಕಲ್ಲಿನವರು, ಕೆಲಸ ಮುಗಿಸಿದ ಹೆಂಗಸರು, ಚರ್ಚಿನಿಂದ ಬರುತ್ತಿದ್ದವರು. ಸೋಡಾ ಅಂಗಡಿಯವನು ಒದ್ದೆ ಬಟ್ಟೆ ಹಿಡಿದು ನಮ್ಮ ಕಡೆ ನೋಡುತ್ತಾ ನಿಂತಿದ್ದ. ನನ್ನ ಕೈ ತಾನಾಗಿ ಸುಮತಿಯ ಬಾಯಿಯ ಕಡೆ ಹೋಯಿತು. ಹೋದ ಕೈಯನ್ನು ಹಿಂದಕ್ಕೆಳೆದು, ಸೆರಗಿನಲ್ಲಿ ಸುತ್ತಿ ಬಿಗಿಯಾಗಿ ಹಿಡಿದುಕೊಂಡೆ. ಹರಳೆಣ್ಣೆಯ ವಾಸನೆ ಬಂತು.

ಅವಳು ನಡುರಸ್ತೆಗೆ ಹೋಗಿ ನಿಂತು, ಕತ್ತು ಹಿಂದಕ್ಕೆ ಬಾಗಿಸಿ, ಎರಡೂ ಕೈಯನ್ನು ಬಾಯಿಯ ಪಕ್ಕಕ್ಕಿಟ್ಟುಕೊಂಡು ಗುಜರಾತಿಯಲ್ಲಿ ಕೇಳಿದಳು. ತಡವರಿಸಲಿಲ್ಲ. ಸೈಕಲ್ಲುಗಳು ನಿಂತವು. ಮಹಡಿಯ ಮೇಲೆ ಮಾತು ನಿಂತಿತು. ಛತ್ರಿಯ ಮುದುಕರು ಕಣ್ಣು ತೆರೆದು, ಕಪ್ಪು ಕೆಳಗಿಟ್ಟು, ಕಟಾಂಜನ ಹಿಡಿದು ಕೆಳಗೆ ಬಗ್ಗಿದರು.

"ಕಾಕಾ, ದಾರು ಕುಡಿಯೋದು ಬಿಟ್ಟವರು ಕೂಡೋ ಮನೆ ಇದೇನಾ? ನಮ್ಮಪ್ಪನ್ನ ಕರಕೊಂಡು ಬರಬಹುದಾ?"